ವಾಸನೆಯಿಲ್ಲದ ವಿನೆಗರ್

“ಮೂಸಿ ನೋಡಿ, ಕ್ಲೈವ್.”

ಡೆಲ್ಮಾ ಬಾಟಲಿಯ ಮುಚ್ಚಳ ತಿರುವಿ ತೆಗೆದು, ಅದನ್ನು ನೇರವಾಗಿ ಅವನ ಮೂಗಿನ ಕೆಳಗೇ ಹಿಡಿದಳು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ. ಮೇಲೆ ಹಸಿರು ಅಕ್ಷರಗಳಲ್ಲಿ ದಪ್ಪಗೆ ‘ಬಿಳಿ ವಿನೆಗರ್’ ಎಂದು ಬರೆದಿತ್ತು.

ಕ್ಲೈವ್ ಡಗನ್ ಕೈಯಲ್ಲಿದ್ದ ಚಹಾದ ಮಗ್ಗನ್ನು ಕೆಳಗಿಡಲಿಲ್ಲ. ಅರವತ್ತಾರು ವರ್ಷದ ಆಸಾಮಿ. ಬೋವೆನ್ ಬಂದರಿನಲ್ಲಿ ಮೂವತ್ತು ವರ್ಷ ಹಡಗುಗಳನ್ನು ಎಳೆಯುವ ದೋಣಿ ಓಡಿಸಿದವನು. ಈಗ ಊರಿನ ಉಪ್ಪುನೀರಿನ ಅಕ್ವೇರಿಯಂ ಕ್ಲಬ್ಬಿನ ಅಧ್ಯಕ್ಷ.

“ಇದೇನು ಮಾರಾಯ್ತಿ? ಬಾಗಿಲು ತಟ್ಟಲ್ಲ, ಹೇಗಿದ್ದೀರಿ ಅಂತ ಕೇಳಲ್ಲ, ಬಂದವಳೇ ಮೂಗಿಗೆ ಬಾಟಲಿ ಹಿಡೀತೀಯಲ್ಲ!”

“ಮೂಸಿ ಅಂದೆ.”

ಮೂಸಿದ. ಹುಬ್ಬು ಗಂಟಾಯಿತು. ಇನ್ನೊಂದು ಸಲ ಮೂಸಿದ. ಮಗ್ ತಾನಾಗಿಯೇ ಮೇಜಿನ ಮೇಲೆ ಕೂತಿತು.

“ಇದು ವಿನೆಗರ್ ಅಲ್ಲ.”

“ಅಲ್ಲ.”

“ವೋಡ್ಕಾ.”

“ನಮ್ಮಪ್ಪನ ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿತ್ತು. ನಮ್ಮಪ್ಪ ಎಂಥವನು ಅಂತ ನಿಮಗೆ ಗೊತ್ತಲ್ಲ? ಕ್ರಿಸ್‌ಮಸ್ ಕೇಕಿಗೆ ಒಂದು ಚಮಚ ರಮ್ ಹಾಕಿದ್ದೀವಿ ಅಂದ್ರೆ ತಟ್ಟೆಯನ್ನೇ ಪಕ್ಕಕ್ಕೆ ತಳ್ಳೋನು. ಅವನ ಕಪಾಟಿಗೆ ಇದು ನಡ್ಕೊಂಡು ಬಂತಾ?”

ಕ್ಲೈವ್ ಬಾಟಲಿಯ ಮೇಲಿನ ಹಸಿರು ಅಕ್ಷರವನ್ನು ಮತ್ತೊಮ್ಮೆ ಓದಿದ. ಗ್ಯಾರೇಜಿನಲ್ಲಿ ಪಂಪುಗಳ ಗುಂಯ್‌ಗುಡುವ ಸದ್ದು ತುಂಬಿತ್ತು. ಹೊರಗೆ ನವೆಂಬರ್ ಮಧ್ಯಾಹ್ನದ ಬಿಸಿಲು ತಗಡಿನ ಚಾವಣಿಯನ್ನು ಹುರಿಯುತ್ತಿತ್ತು.

ಹನ್ನೊಂದು ದಿನಗಳ ಹಿಂದಿನ ಆ ಬೆಳಿಗ್ಗೆ ಡೆಲ್ಮಾಳ ಕಣ್ಣಿಗೆ ಕಟ್ಟಿದ ಹಾಗಿತ್ತು, ಅವಳು ಅಲ್ಲಿ ಇರದಿದ್ದರೂ. ಅಪ್ಪ ನೆವಿಲ್ ಸ್ಟ್ರಾಹನ್ ಎದ್ದು ಟ್ಯಾಂಕಿನ ದೀಪ ಹಾಕಿ ನೋಡುತ್ತಾನೆ, ಆರುನೂರು ಲೀಟರಿನ ಟ್ಯಾಂಕ್ ಹಾಲು ಸುರಿದಂತೆ ಬೆಳ್ಳಗಾಗಿದೆ. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿವೆ. ಎಪ್ಪತ್ತೈದರ ಮುದುಕ ಸ್ಟೂಲು ಹತ್ತಿ, ಎರಡೂ ಕೈ ಮುಳುಗಿಸಿ, ತೀರಿಹೋದ ಹೆಂಡತಿ ಸಾಕಿದ ಹವಳವನ್ನು ಎತ್ತಲು ಹೋಗಿ ಜಾರಿ ಬಿದ್ದಿದ್ದ. ಭುಜದ ಮೂಳೆ ಮುರಿಯಿತು. ಎರಡು ಪಕ್ಕೆಲುಬು ಬಿರುಕು ಬಿಟ್ಟವು. ಹವಳ ಅವನ ಎದೆಯ ಮೇಲೆಯೇ ಸತ್ತಿತು.

ಆಸ್ಪತ್ರೆಯಲ್ಲಿ ಮೂರನೆಯ ದಿನ ಅಪ್ಪ ಬಾಯಿ ಬಿಟ್ಟು ಒಂದೇ ಮಾತು ಹೇಳಿದ್ದ. “ಎರಡು ವರ್ಷದ ಹಿಂದೆ ಆ ಜ್ವರ ಬಂದಾಗಿನಿಂದ ನನಗೆ ವಾಸನೆ ಗೊತ್ತಾಗಲ್ಲ ಡೆಲ್. ಯಾರಿಗೂ ಹೇಳಿಲ್ಲ. ನಿನಗೇ ಮೊದಲು ಹೇಳ್ತಿರೋದು.”

ಅಷ್ಟೇ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದವನು ಇವತ್ತಿನವರೆಗೂ ತುಟಿ ಬಿಚ್ಚಿಲ್ಲ. ನಿನ್ನೆ ಮನೆಗೆ ಕರೆತಂದರೂ ಅಷ್ಟೇ. ಊಟ ಮುಟ್ಟುವುದಿಲ್ಲ. ಖಾಲಿ ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ.

ಡೆಲ್ಮಾಳ ಕೆಲಸ ಸುಟ್ಟ ದೋಣಿಗಳನ್ನು ತಪಾಸಣೆ ಮಾಡುವುದು. ಟೌನ್ಸ್‌ವಿಲ್ಲಿನಿಂದ ಕೇರ್ನ್ಸ್‌ವರೆಗೆ ಯಾವ ದೋಣಿಗೆ ಬೆಂಕಿ ಬಿದ್ದರೂ ವಿಮೆಯವರು ಅವಳನ್ನೇ ಕರೆಯುತ್ತಾರೆ. ಬೂದಿ ಕೆದಕಿ, ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಎಂದು ಹೇಳುವುದು ಅವಳಿಗೆ ಅಭ್ಯಾಸ. ಆದರೆ ಬೇರೆಯವರ ದೋಣಿಯ ಬೂದಿ ಕೆದಕುವಾಗ ಹೀಗೆ ಹಲ್ಲು ಕಚ್ಚಿಕೊಳ್ಳುತ್ತಿರಲಿಲ್ಲ.

ಅಪ್ಪನ ಹಾಸಿಗೆಯ ಪಕ್ಕ ಕೂತೇ ಅವಳು ನಿರ್ಧರಿಸಿದ್ದಳು. ಪೊಲೀಸರು ಇದಕ್ಕೆ ಬರುವುದಿಲ್ಲ. ‘ಮೀನು ಸತ್ತಿದ್ದಕ್ಕೆ ದೂರಾ?’ ಎಂದು ನಗುತ್ತಾರೆ. ಬರದೇ ಇರಲಿ. ಮಾಡಿದವರು ಯಾರೇ ಆಗಿರಲಿ, ಅವರಿಗೆ ಯಾವುದು ಪ್ರಾಣವೋ ಅದನ್ನು ಅವರ ಕಣ್ಣೆದುರಿಗೇ ಹೀಗೇ ಬೆಳ್ಳಗಾಗಿಸುತ್ತೇನೆ.

ಅವಳ ಕಣ್ಣು ಕ್ಲೈವ್‌ನ ಬೆನ್ನ ಹಿಂದಿದ್ದ ಟ್ಯಾಂಕಿನ ಮೇಲೆ ನಿಂತಿತು. ನಾನೂರು ಲೀಟರ್. ನೀಲಿ ದೀಪದ ಕೆಳಗೆ, ನಟ್ಟನಡುವೆ, ಮುಷ್ಟಿಯಷ್ಟು ದೊಡ್ಡ ಹವಳ. ಬೆರಳು ಬಿಡಿಸಿ ನಿಂತ ಕೈಯಂತೆ ಕವಲು ಕವಲಾಗಿ, ಮೈಯೆಲ್ಲ ನೇರಳೆ, ತುದಿಯಲ್ಲಿ ಎಳೆ ಹಸಿರು.

ಬೆರಿಲ್. ಅಮ್ಮನ ಹೆಸರು. ಹವಳಕ್ಕೂ ಅದೇ ಹೆಸರು.

“ಸತ್ಯ ಹೇಳಿ ಕ್ಲೈವ್. ನಮ್ಮಮ್ಮನ ಹವಳ ಈಗ ಎಷ್ಟು ಮನೆಯಲ್ಲಿದೆ?”

“ಅದೆಲ್ಲ ನಿನಗೆ ಗೊತ್ತಿರೋದೇ.”

“ನಿಮ್ಮ ಬಾಯಿಂದ ಕೇಳ್ಬೇಕು.”

ಕ್ಲೈವ್ ಗಡ್ಡ ಕೆರೆದುಕೊಂಡ. “ಮೂರು ಕಡೆ ಇತ್ತು. ನಿಮ್ಮನೇಲಿ ತಾಯಿ ಹವಳ. ಇನ್ನೊಂದು ನಮ್ಮ ಕ್ಲಬ್ಬಿನ ಬರ್ಟ್‌ನ ಮನೇಲಿ. ಚಂಡಮಾರುತ ಬಂದು ಐದು ದಿನ ಕರೆಂಟ್ ಹೋಯ್ತಲ್ಲ, ಆಗ ಹೋಯ್ತು. ಈಗ ಇದೊಂದೇ.”

ಆ ಕ್ಲಬ್ಬಿನಲ್ಲಿ ಮೊದಲಿನಿಂದಲೂ ನಡೆದುಬಂದ ಪದ್ಧತಿ ಅದು. ನಿನ್ನ ಹವಳ ಚೆನ್ನಾಗಿ ಬೆಳೆಯಿತೋ, ಒಂದು ಬೆರಳಷ್ಟು ಕತ್ತರಿಸಿ ಸ್ನೇಹಿತರಿಗೆ ಕೊಡಬೇಕು. ಮುಂದೊಂದು ದಿನ ನಿನ್ನ ಟ್ಯಾಂಕ್ ಸತ್ತರೆ ಅವರು ಅದರಲ್ಲೇ ಒಂದು ಬೆರಳು ನಿನಗೆ ವಾಪಸು ಕೊಡುತ್ತಾರೆ. ನಂಬಿಕೆಯ ಮೇಲೆ ನಡೆಯುವ ವ್ಯವಹಾರ.

“ಅಂದ್ರೆ ನಮ್ಮಪ್ಪನ ಟ್ಯಾಂಕ್ ಸತ್ತ ದಿನವೇ ನೀವು ಈ ಭೂಮಿ ಮೇಲೆ ಬೆರಿಲ್ ಇರೋ ಒಬ್ಬನೇ ಮನುಷ್ಯ ಆದ್ರಿ.”

“ಓಹೋ,” ಅಂದ ಕ್ಲೈವ್. “ಸವಾರಿ ಈ ಕಡೆ ಹೊರಟಿದೆಯಾ?”

“ಅಪ್ಪ ಕಣ್ಣಿನ ಆಪರೇಷನ್‌ಗೆ ಅಂತ ನಾಲ್ಕು ದಿನ ನನ್ನ ಹತ್ರ ಟೌನ್ಸ್‌ವಿಲ್‌ಗೆ ಬಂದಿದ್ದ. ಆ ನಾಲ್ಕು ದಿನ ಟ್ಯಾಂಕ್ ನೋಡ್ಕೊಳ್ಳೋಕೆ ಒಪ್ಪಿದ್ದು ಯಾರು?”

“ನಾನು.”

“ಬೀಗದ ಕೈ ಎಲ್ಲಿರುತ್ತೆ ಅಂತ ಗೊತ್ತಿದ್ದದ್ದು ಯಾರಿಗೆ?”

“ಹಿಂದುಗಡೆ ಗ್ಯಾಸ್ ಸಿಲಿಂಡರ್ ಕೆಳಗೆ. ಅದು ಬೋವೆನ್‌ನಲ್ಲಿ ನಾಯಿಗಳಿಗೂ ಗೊತ್ತು. ಡೆಲ್, ಕೂತ್ಕೋ. ಚಹಾ ಕುಡೀತೀಯಾ?”

“ಈ ಮನೇಲಿ ನಾನು ನೀರೂ ಮುಟ್ಟಲ್ಲ.”

ಅವಳು ಸ್ಟೂಲು ಎಳೆದುಕೊಂಡು ಕೂತು, ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಬಿಸಾಡಿದಳು. ಉಪ್ಪುನೀರು ಕುಡಿದು ಉಬ್ಬಿದ ಹಾಳೆಗಳು, ಮೂಲೆಯಲ್ಲಿ ದಾರ. ಅಪ್ಪನ ಟ್ಯಾಂಕಿನ ಕಪಾಟಿಗೆ ನೇತುಹಾಕಿದ್ದ ದಿನಚರಿ ಅದು. ದಿನಕ್ಕೊಂದು ಸಾಲು. ಯಾರು ಟ್ಯಾಂಕ್ ನೋಡಿಕೊಳ್ಳಲು ಬಂದರೂ ಅದರಲ್ಲಿ ಬರೆದೇ ಹೋಗಬೇಕು.

ನಾಲ್ಕು ತಿಂಗಳಿಂದ ಆ ಪುಸ್ತಕದ ತುಂಬ ಒಂದೇ ಗೋಳು. ನೈಟ್ರೇಟ್. ಮೀನಿನ ಹೇಸಿಗೆ, ತಿನ್ನದೆ ಬಿಟ್ಟ ಆಹಾರ, ಎಲ್ಲ ಕೊಳೆತು ಕೊನೆಗೆ ನೀರಿನಲ್ಲಿ ಉಳಿಯುವುದು ಅದೇ. ಮೀನು ಹೇಗೋ ತಡೆದುಕೊಳ್ಳುತ್ತದೆ. ಹವಳ ತಡೆಯುವುದಿಲ್ಲ, ಬಣ್ಣ ಬಿಟ್ಟು ಕಂದಾಗುತ್ತದೆ. ಬೆರಿಲ್ ಕಂದಾಗುತ್ತಾ ಬಂದಿತ್ತು. ಅಮ್ಮ ಹೋಗಿ ಹತ್ತು ವರ್ಷ ತುಂಬುವ ದಿನಕ್ಕೆ ಅದನ್ನು ಮತ್ತೆ ನೇರಳೆ ಮಾಡಲೇಬೇಕೆಂದು ಅಪ್ಪ ಹಟ ಹಿಡಿದಿದ್ದ.

ನೈಟ್ರೇಟ್ ಎಂಬತ್ತು. ನೀರು ಬದಲಾಯಿಸಿದೆ. ಅರವತ್ತೈದು. ಊಟ ಅರ್ಧ ಮಾಡಿದೆ, ಮೀನುಗಳಿಗೆ ಸಿಟ್ಟು ಬಂದಿದೆ. ಅರವತ್ತು. ಇವತ್ತಿನಿಂದ ದಿನಾ ಬೆಳಿಗ್ಗೆ ವಿನೆಗರ್ ಶುರು. ಐವತ್ತು. ನಲವತ್ತು!

ಆ ‘ನಲವತ್ತು’ ಪಕ್ಕದಲ್ಲಿ ಅಪ್ಪ ಮಕ್ಕಳ ಹಾಗೆ ಒಂದು ನಗುವ ಮುಖ ಬರೆದಿದ್ದ. ಡೆಲ್ಮಾ ಅದರ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದಳು.

“ವಿನೆಗರ್ ಯಾಕೆ ಹಾಕ್ತಾರೆ ಅಂತ ನಾನು ನಿಮಗೆ ಹೇಳ್ಕೊಡಬೇಕಾಗಿಲ್ಲ,” ಎಂದಳು. “ನೀರಲ್ಲಿರೋ ಬ್ಯಾಕ್ಟೀರಿಯಾಗೆ ಅದು ಊಟ. ಅದನ್ನ ತಿಂದು, ಜೊತೆಗೆ ನೈಟ್ರೇಟ್ ತಿಂದು ಬೆಳೀತವೆ. ಸ್ವಲ್ಪ ಸ್ವಲ್ಪ ಕೊಟ್ರೆ ನೀರು ತಿಳಿಯಾಗುತ್ತೆ. ಜಾಸ್ತಿ ಕೊಟ್ರೆ?”

“ಕೋಟಿಗಟ್ಟಲೆ ಹುಟ್ಕೊಂಡು ನೀರಲ್ಲಿರೋ ಗಾಳಿಯನ್ನೆಲ್ಲ ಕುಡಿದುಬಿಡ್ತವೆ.” ಕ್ಲೈವ್‌ನ ದನಿ ಇಳಿದಿತ್ತು. “ನೀರು ಬೆಳ್ಳಗಾಗುತ್ತೆ. ಮೀನಿಗೆ ಉಸಿರು ಕಟ್ಟುತ್ತೆ.”

“ವೋಡ್ಕಾ ವಿನೆಗರ್‌ಗಿಂತ ಎಷ್ಟು ಪಟ್ಟು ಜೋರು?”

“ಎಂಟು ಪಟ್ಟು. ಹತ್ತಿರ ಹತ್ತಿರ.”

“ಅಪ್ಪ ಟೌನ್ಸ್‌ವಿಲ್‌ನಿಂದ ವಾಪಸು ಬಂದು ದಿನದ ಅಳತೆ ಸುರಿದ. ಮಾರನೇ ಬೆಳಿಗ್ಗೆ ದೀಪ ಹಾಕೋ ಮೊದಲೇ ಇನ್ನೊಂದು ಸಲ. ವಿನೆಗರ್ ಅಂತಲೇ ತನ್ನ ಕೈಯಾರೆ ಸುರಿದ, ಕ್ಲೈವ್. ತನ್ನ ಕೈಯಾರೆ!”

ಕ್ಲೈವ್ ಬಾಟಲಿಯನ್ನೇ ನೋಡುತ್ತಾ ಕೂತ. “ಆದ್ರೆ ಮುಚ್ಚಳ ತೆಗೆದ ತಕ್ಷಣ ಗೊತ್ತಾಗಬೇಕಿತ್ತಲ್ಲ? ವಿನೆಗರ್ ವಾಸನೆಗೆ ಕಣ್ಣಲ್ಲಿ ನೀರು ಬರುತ್ತೆ. ನೆವ್ ಯಾವಾಗ್ಲೂ ಹೇಳೋನು, ಬೆಳಿಗ್ಗೆ ಟ್ಯಾಂಕ್ ಮೂಸಿದ್ರೆ ಸಾಕು, ಅದರ ಆರೋಗ್ಯ ಗೊತ್ತಾಗುತ್ತೆ ಅಂತ.”

ಅವನು ನಟಿಸುತ್ತಿದ್ದಾನೋ ಇಲ್ಲವೋ? ಡೆಲ್ಮಾ ಅವನ ಮುಖವನ್ನು ಸುಟ್ಟ ಎಂಜಿನ್ ನೋಡುವ ಹಾಗೆ ನೋಡಿದಳು. ಅಪ್ಪನಿಗೆ ವಾಸನೆ ತಿಳಿಯದೆಂದು ಗೊತ್ತಿದ್ದವರು ಮಾತ್ರ ಈ ಬಾಟಲಿ ಇಡಲು ಸಾಧ್ಯ. ಆ ಮಾತನ್ನು ಅವಳು ಬಾಯಿಂದ ಹೊರಗೆ ಬಿಡಲಿಲ್ಲ. ಅದೊಂದು ಇಸ್ಪೀಟೆಲೆ ಅವಳ ಕೈಯಲ್ಲೇ ಇರಲಿ.

ನೋಟ್‌ಬುಕ್ಕಿನ ಕೊನೆಯ ಪುಟ ತೆರೆದಳು.

“ಅಪ್ಪ ಇರದಿದ್ದ ನಾಲ್ಕು ದಿನ. ಮೊದಲನೇ ದಿನ ನಲವತ್ತು, ಕೆಳಗೆ ನಿಮ್ಮ ಸಹಿ. ಎರಡನೇ ದಿನ ನಲವತ್ತು, ನಿಮ್ಮ ಸಹಿ. ಮೂರನೇ ದಿನ ಸೊನ್ನೆ. ನಾಲ್ಕನೇ ದಿನ ಸೊನ್ನೆ. ಸಹಿ ಇಲ್ಲ.”

“ಸೊನ್ನೆಯಾ?” ಕ್ಲೈವ್ ನಕ್ಕೇಬಿಟ್ಟ. “ಒಂದೇ ದಿನದಲ್ಲಿ ನಲವತ್ತರಿಂದ ಸೊನ್ನೆ? ಟ್ಯಾಂಕಿನೊಳಗೆ ದೇವದೂತ ಇಳಿದಿದ್ನಾ?”

“ನಗಬೇಡಿ. ಅಪ್ಪ ಬಂದು ಮತ್ತೆ ನೋಡಿದಾಗ ನಲವತ್ತೇ ಇತ್ತು. ಪಕ್ಕದಲ್ಲಿ ಏನು ಬರೆದಿದ್ದಾನೆ ಓದಿ.”

ಕ್ಲೈವ್ ಕನ್ನಡಕ ಏರಿಸಿ ಓದಿದ. “‘ಯಾವ ಕತ್ತೆ ಟೆಸ್ಟ್ ಕಿಟ್ಟಿನ ಎರಡನೇ ಬಾಟಲಿ ಅಲ್ಲಾಡಿಸಿಲ್ಲ?’” ಅವನ ಮೀಸೆ ಅದುರಿತು. “ಪಕ್ಕಾ ನೆವ್ ಮಾತು.”

“ಆ ಕತ್ತೆ ನೀವೇ.”

“ನಾನಾ?”

“ನಿಮ್ಮ ಬಲಭುಜ ಹೋಗಿ ಎಷ್ಟು ದಿನ ಆಯ್ತು? ಕೈ ಎತ್ತೋಕೂ ಆಗಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀರಲ್ಲ. ಮೊದಲ ಎರಡು ದಿನ ಹೇಗೋ ನೋವು ನುಂಗಿ ಅಲ್ಲಾಡಿಸಿದ್ರಿ. ಆಮೇಲೆ ಆಗ್ಲಿಲ್ಲ. ಸಹಿ ಹಾಕೋಕೆ ಧೈರ್ಯ ಬರ್ಲಿಲ್ಲ, ಯಾಕಂದ್ರೆ ಅದೇ ದಿನ ಈ ಬಾಟಲೀನೂ ಇಟ್ರಿ.”

ಕ್ಲೈವ್ ಎದ್ದ. ಗೋಡೆಯ ಪಕ್ಕದ ಡ್ರಾಯರಿನಿಂದ ನೈಟ್ರೇಟ್ ಅಳೆಯುವ ತನ್ನ ಟೆಸ್ಟ್ ಕಿಟ್ ತಂದು ಅವಳ ಮುಂದೆ ಇಟ್ಟ. ಗಾಜಿನ ಕೊಳವೆಗೆ ಟ್ಯಾಂಕಿನ ನೀರು ತುಂಬಿದ. ಮೊದಲನೆಯ ಬಾಟಲಿಯಿಂದ ಹತ್ತು ಹನಿ. ಎರಡನೆಯ ಬಾಟಲಿಯನ್ನು ಎಡಗೈಯಲ್ಲಿ ಹಿಡಿದು, ಅದರ ತಳವನ್ನು ಮೇಜಿನ ಅಂಚಿಗೆ ಟಕಟಕ ಬಡಿದು, ಆಮೇಲೆ ತೊಡೆಗೆ ಬಡಿಯುತ್ತಾ ಅಲ್ಲಾಡಿಸತೊಡಗಿದ. ಅಲ್ಲಾಡಿಸುತ್ತಲೇ ಎಣಿಸಿದ, ಗಟ್ಟಿಯಾಗಿ, ಮೂವತ್ತರವರೆಗೆ. ಇಪ್ಪತ್ತರ ಹೊತ್ತಿಗೆ ಹಣೆಯಲ್ಲಿ ಬೆವರು. ಹತ್ತು ಹನಿ ಬಿಟ್ಟ. ನೀರು ಮೆಲ್ಲಗೆ ಹಳದಿಯಿಂದ ಕಿತ್ತಳೆಗೆ ತಿರುಗಿತು.

“ಹತ್ತು,” ಅಂದ ಏದುಸಿರು ಬಿಡುತ್ತಾ. “ನನ್ನ ಟ್ಯಾಂಕಿನಲ್ಲಿ ಹತ್ತಿದೆ. ಒಂದು ಕೈ ಹೋದ್ರೆ ಇನ್ನೊಂದಿದೆ ಕಣಮ್ಮ. ಈ ಎರಡನೇ ಬಾಟಲಿಯಲ್ಲಿ ಪುಡಿ ತಳಕ್ಕೆ ಕೂತಿರುತ್ತೆ. ಅಲ್ಲಾಡಿಸದಿದ್ರೆ ಬರೀ ನೀರು ಬೀಳುತ್ತೆ. ಟ್ಯಾಂಕಿನಲ್ಲಿ ವಿಷ ಇದ್ರೂ ಹಳದೀನೇ, ಅಂದ್ರೆ ಸೊನ್ನೆ ತೋರಿಸುತ್ತೆ. ಕ್ಲಬ್ಬಿಗೆ ಸೇರಿದವರಿಗೆ ಮೊದಲ ದಿನ ಹೇಳಿಕೊಡೋದೇ ಇದನ್ನ. ಇದು ಗೊತ್ತಿಲ್ದೆ ಇರೋರು ಅಂದ್ರೆ ನಿನ್ನೆ ಟ್ಯಾಂಕ್ ಕೊಂಡವರು. ಇಲ್ಲಾ, ಪೊಟ್ಟಣದ ಪುಡಿ ಹಾಕಿ ನೋಡ್ತಿದ್ದ ಹಳೇ ಕಾಲದಲ್ಲೇ ಟ್ಯಾಂಕ್ ಬಿಟ್ಟವರು.”

“ಬೇಕಂತಲೇ ತಪ್ಪು ಬರೆದಿರಬಹುದಲ್ಲ.”

“ಮೂರನೇ ದಿನ ನಾನು ಒಳಗೇ ಹೋಗ್ಲಿಲ್ಲ, ಡೆಲ್.”

“ಹಾಂ?”

“ಸಿಲಿಂಡರ್ ಕೆಳಗೆ ಬೀಗದ ಕೈ ಇರ್ಲಿಲ್ಲ. ಕಿಟಕಿಯಿಂದ ನೋಡಿದೆ, ಟ್ಯಾಂಕಿನ ದೀಪ ಉರೀತಿತ್ತು, ಮೀನು ಹಾಯಾಗಿ ಓಡಾಡ್ತಿತ್ತು. ನೆವ್ ಬೇಗ ಬಂದುಬಿಟ್ಟಿದ್ದಾನೆ, ಮಲಗಿರ್ಬೇಕು ಅಂದ್ಕೊಂಡು ವಾಪಸು ಬಂದೆ.”

“ಎಷ್ಟು ಚೆನ್ನಾಗಿ ಹೇಳ್ತೀರಿ! ಹನ್ನೊಂದು ದಿನ ಇತ್ತಲ್ಲ ಕತೆ ಕಟ್ಟೋಕೆ.”

“ನೀನು ಮಾತು ಅಳತೆ ಮಾಡಿ ಆಡು. ನಿಮ್ಮಮ್ಮ ಇದ್ದಿದ್ರೆ...”

“ಅಮ್ಮನ ಹೆಸರು ನಿನ್ನ ಬಾಯಲ್ಲಿ ಬರಬಾರದು!”

ಅವಳು ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಎರಡು ಹೆಜ್ಜೆಯಲ್ಲಿ ಟ್ಯಾಂಕಿನ ಮುಂದಿದ್ದಳು. ಬಾಟಲಿಯ ಬಾಯಿ ನೀರಿನ ಮೇಲೆ, ಒಂದು ಗೇಣು ಎತ್ತರದಲ್ಲಿ.

ಕ್ಲೈವ್ ಇದ್ದಲ್ಲೇ ಕಲ್ಲಾದ.

“ಡೆಲ್. ಬೇಡ.”

“ನಾನೂರು ಲೀಟರ್ ಅಲ್ವಾ? ಅರ್ಧ ಬಾಟಲಿ ಸಾಕು. ನೀನು ಇಲ್ಲೇ ಕುರ್ಚಿ ಹಾಕ್ಕೊಂಡು ಕೂತ್ಕೋ. ನೀರು ಹೇಗೆ ಬೆಳ್ಳಗಾಗುತ್ತೆ ಅಂತ ನಿಧಾನವಾಗಿ ನೋಡು. ಮೀನು ಮೇಲೆ ಬಂದು ಹೇಗೆ ಬಾಯಿ ಬಡಿಯುತ್ತೆ ನೋಡು. ಆಮೇಲೆ ಸ್ಟೂಲ್ ಹತ್ತು, ಕೈ ಹಾಕು. ನಮ್ಮಪ್ಪ ಹಾಕಿದ ಹಾಗೆ.”

“ಅದು ನಿಮ್ಮಮ್ಮನ ಹವಳ. ಇನ್ನೆಲ್ಲೂ ಇಲ್ಲ ಕಣೇ. ಇದು ಹೋದ್ರೆ ಮುಗೀತು.”

“ನಿನ್ನ ಮನೇಲಿ ಬದುಕಿರೋದಕ್ಕಿಂತ ಸಾಯೋದೇ ಮೇಲು.”

ಬಾಟಲಿ ಓರೆಯಾಯಿತು. ಒಳಗಿನ ದ್ರವ ಕತ್ತಿನವರೆಗೆ ಬಂದು ನಿಂತಿತು. ಹನ್ನೊಂದು ದಿನದಿಂದ ನಿದ್ದೆಯಿಲ್ಲದ ಕಣ್ಣಿಗೆ ಈ ಕ್ಷಣ ತಂಪಾಗಿತ್ತು, ಹಿತವಾಗಿತ್ತು.

“ಸುರಿಯೋದಿದ್ರೆ ಸುರಿ,” ಅಂದ ಕ್ಲೈವ್. ಅವನ ಧ್ವನಿ ಒಡೆದಿತ್ತು. “ಆದ್ರೆ ಮೊದಲು ಎಡಗಡೆ ಮೂಲೆ ನೋಡು. ಕೆಳಗೆ.”

ನೋಡಬಾರದೆಂದುಕೊಂಡೇ ನೋಡಿದಳು.

ಮರಳಿನ ಮೇಲೆ ಒಂದು ಚಿಕ್ಕ ಬಿಳಿ ಬಿಲ್ಲೆ. ಅದಕ್ಕೆ ಅಂಟಿಸಿದ್ದ ನೇರಳೆ ತುಂಡು, ಹೆಬ್ಬೆರಳಿನ ಉಗುರಿನಷ್ಟು. ಕತ್ತರಿಸಿದ ಜಾಗ ಆಗಲೇ ಮಾಗಿ ಹೊಸ ಚರ್ಮ ಹತ್ತಿತ್ತು. ಬಿಲ್ಲೆಯ ಪಕ್ಕ ಮರಳಿಗೆ ಚುಚ್ಚಿದ್ದ ಪ್ಲಾಸ್ಟಿಕ್ ಚೂರಿನ ಮೇಲೆ ಪೆನ್ಸಿಲಿನಲ್ಲಿ ಸೊಟ್ಟಸೊಟ್ಟ ಅಕ್ಷರ: ನೆವ್‌ಗೆ.

“ಅವನು ಬಿದ್ದ ಮಾರನೇ ದಿನವೇ ಕತ್ತರಿಸಿ ಇಟ್ಟೆ,” ಅಂದ ಕ್ಲೈವ್. “ಅವನ ಟ್ಯಾಂಕ್ ಮತ್ತೆ ನಿಲ್ಲೋವರೆಗೂ ಇಲ್ಲಿ ಬೆಳೀಲಿ ಅಂತ. ಆಸ್ಪತ್ರೆಗೆ ಬಂದು ಹೇಳೋಣ ಅಂದ್ರೆ ನೀನು ಬಾಗಿಲಲ್ಲೇ ಪೊಲೀಸಿನ ಹಾಗೆ ನಿಂತಿದ್ದೆ.”

ಡೆಲ್ಮಾ ಬಾಟಲಿ ನೆಟ್ಟಗೆ ಮಾಡಿದಳು. ಆದರೆ ಹಿಂದೆ ಸರಿಯಲಿಲ್ಲ.

ಬೆರಿಲ್‌ಗೆ ತಾನೊಬ್ಬನೇ ಒಡೆಯನಾಗಬೇಕೆಂದು ಕೊಲ್ಲುವವನು ಅದರಲ್ಲೊಂದು ತುಂಡು ಕತ್ತರಿಸಿ ಹೆಸರು ಬರೆದು ಇಡುತ್ತಾನೆಯೇ?

“ಹಾಗಾದ್ರೆ ಯಾರು?” ಅವಳು ಅವನ ಕಡೆ ತಿರುಗಿದಳು. “ನಮ್ಮಪ್ಪನ ಮೇಲೆ ಯಾರಿಗೆ ಇಷ್ಟು ದ್ವೇಷ?”

“ನಿಮ್ಮಪ್ಪನ ಮೇಲೆ ಅಂತ ಯಾಕೆ ಅಂದ್ಕೊಂಡೆ?” ಕ್ಲೈವ್ ಉರುಳಿದ ಸ್ಟೂಲನ್ನು ಎತ್ತಿ ನಿಲ್ಲಿಸಿದ. “ಸತ್ತಿದ್ದು ಬೆರಿಲ್. ಆ ಹವಳ ಸಿಕ್ಕ ದಿನ ನೆನಪಿದೆ ನನಗೆ. ದೋಣಿ ನಂದೇ. ನೀರಿಗಿಳಿದದ್ದು ಇಬ್ಬರು ಹೆಂಗಸರು. ಮೊದಲು ಕಂಡದ್ದು ನೋಲಾ. ಹಿಡ್ಕೊಂಡು ಮೇಲೆ ಬಂದದ್ದು ನಿಮ್ಮಮ್ಮ. ಹೆಸರು ಯಾರದ್ದು ಬಂತು ನೋಡು.”

“ನೋಲಾ ಆಂಟಿ ಈಗಲೂ ಅದನ್ನ ಹೇಳ್ಕೊಂಡು ನಗ್ತಾರೆ.”

“ನಗ್ತಾಳೆ,” ಅಂದ ಕ್ಲೈವ್. “ನಲವತ್ತು ವರ್ಷದಿಂದ ನಗ್ತಾನೇ ಇದ್ದಾಳೆ.”

ಡೆಲ್ಮಾಗೆ ಆ ಮಾತು ಹಿಡಿಸಲಿಲ್ಲ. ನೋಲಾ ವಿಕ್ಕರಿ ಅಮ್ಮನ ಜೀವದ ಗೆಳತಿ. ಅಮ್ಮನ ಕೊನೆಯ ದಿನಗಳಲ್ಲಿ ಹಾಸಿಗೆ ಬದಲಾಯಿಸಿದವರು. ಟ್ಯಾಂಕು ಮೀನು ಎಲ್ಲ ಬಿಟ್ಟು ಕಾಲು ಶತಮಾನವಾಯಿತು, ಈಗ ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆಟವೇ ಲೋಕ. ಅಪ್ಪ ಟೌನ್ಸ್‌ವಿಲ್ಲಿನಲ್ಲಿದ್ದ ವಾರ ಪಂದ್ಯಕ್ಕೆಂದು ದೂರದ ಮಕಾಯ್‌ನಲ್ಲಿದ್ದೆ, ಇಲ್ಲೇ ಇದ್ದಿದ್ದರೆ ಹೀಗಾಗಲು ಬಿಡುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಿದ್ದರು. ಈಗಲೂ ಅಪ್ಪನ ಪಕ್ಕ ಕೂತಿರುವುದು ಅವರೇ.

ಜೇಬಿನಲ್ಲಿ ಫೋನ್ ಕುಣಿಯಿತು. ಪರದೆಯ ಮೇಲೆ ಅದೇ ಹೆಸರು.

ಒಂದು ಕೈಯಲ್ಲಿ ಬಾಟಲಿ ಇದ್ದದ್ದರಿಂದ ಡೆಲ್ಮಾ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದಳು.

“ಪುಟ್ಟೀ, ನಾನು ಕಣೇ. ನಿಮ್ಮ ಮೇಯರ್ ಸಾಹೇಬರ ನೀರು ನೋಡಿದೆ. ಮೂರು ಗಂಟೆಗೆ ನೋಡಿ ಅಂದಿದ್ಯಲ್ಲ.”

ಮೇಯರ್ ಎಂದರೆ ಅಪ್ಪನ ಟ್ಯಾಂಕಿನಲ್ಲಿ ಬದುಕುಳಿದ ಒಂದೇ ಮೀನು. ಇಪ್ಪತ್ತೆರಡು ವರ್ಷದ ಮುದಿ ಕ್ಲೌನ್ ಮೀನು, ಈಗ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ವಾಸ. ತೊಟ್ಟಿಗೆ ಫಿಲ್ಟರ್ ಇಲ್ಲ. ನೈಟ್ರೇಟ್ ಏರಿದರೆ ಒಂದೊಂದೇ ಬಕೆಟ್ ಹೊಸ ಉಪ್ಪುನೀರು ಹಾಕಿ ಇಳಿಸಬೇಕು. ಬೆಳಿಗ್ಗೆ ಹತ್ತಕ್ಕೆ ಡೆಲ್ಮಾ ತಾನೇ ನೋಡಿ ಬಂದಿದ್ದಳು. ನಲವತ್ತು. ಕೊಳವೆಯಲ್ಲಿ ನೀ‍ರು ಕೆಂಪಗಿತ್ತು.

“ಎಷ್ಟಿದೆ ಆಂಟಿ?”

“ಸೊನ್ನೆ! ಹಳದಿ ಅಂದ್ರೆ ಹಳದಿ, ಒಳ್ಳೆ ನಿಂಬೆಹಣ್ಣಿನ ಹಾಗೆ. ಬಕೆಟ್ ಹೊರೋ ಕೆಲಸ ತಪ್ಪಿತು ನೋಡು.”

ಗ್ಯಾರೇಜಿನಲ್ಲಿ ಪಂಪುಗಳ ಸದ್ದು ಒಮ್ಮೆಲೇ ಜೋರಾದಂತೆ ಡೆಲ್ಮಾಗೆ ಅನ್ನಿಸಿತು. ಕ್ಲೈವ್ ತಲೆ ಎತ್ತಿದ. ಇಬ್ಬರ ಕಣ್ಣೂ ಕೂಡಿದವು.

“ಹೌದಾ?” ಡೆಲ್ಮಾಳ ದನಿ ತಾನೇ ನಂಬದಷ್ಟು ಸಲೀಸಾಗಿತ್ತು. “ಹೇಗೆ ನೋಡಿದ್ರಿ ಆಂಟಿ? ನಿಮಗೆ ಈ ಹೊಸ ಕಿಟ್ ಗೊತ್ತಿಲ್ವೇನೋ ಅಂದ್ಕೊಂಡಿದ್ದೆ.”

“ಅದರಲ್ಲೇನು ಮಹಾ ಬ್ರಹ್ಮವಿದ್ಯೆ ಇದೆಯೇ? ಒಂದರಿಂದ ಹತ್ತು ಹನಿ, ಇನ್ನೊಂದರಿಂದ ಹತ್ತು ಹನಿ. ಆಯ್ತು! ನಾನೂ ಒಂದು ಕಾಲದಲ್ಲಿ ಟ್ಯಾಂಕ್ ಇಟ್ಟವಳೇ ಕಣೇ.”

ಕ್ಲೈವ್ ಸದ್ದಿಲ್ಲದೆ ನೋಟ್‌ಬುಕ್ ತನ್ನ ಕಡೆ ಎಳೆದುಕೊಂಡ. ಎರಡು ಸೊನ್ನೆಗಳ ಮೇಲೆ ಬೆರಳಿಟ್ಟ.

“ಅಪ್ಪ ಏನಾದ್ರೂ ತಿಂದ್ನಾ ಆಂಟಿ?”

“ಎಲ್ಲಿ! ಬೀಚಿನ ಅಂಗಡಿಯಿಂದ ಈಗ ತಾನೇ ಮೀನು-ಚಿಪ್ಸ್ ತಂದೆ. ಮನೆಯೆಲ್ಲಾ ಘಮ್ ಅಂತಿದೆ. ಯಾರಿಗಾದ್ರೂ ಬಾಯಲ್ಲಿ ನೀರೂರಬೇಕು. ಪಾಪ, ಅವನಿಗೆ ವಾಸನೆ ಹೋಗಿ ಎರಡು ವರ್ಷ ಆಯ್ತಲ್ಲ, ಏನು ತಂದಿಟ್ರೇನು?”

ಎರಡು ವರ್ಷ.

‘ಯಾರಿಗೂ ಹೇಳಿಲ್ಲ. ನಿನಗೇ ಮೊದಲು.’ ಅಪ್ಪನ ಒಣಗಿದ ತುಟಿ, ಗೋಡೆಯ ಕಡೆ ತಿರುಗಿದ ಬೆನ್ನು.

ಡೆಲ್ಮಾ ಬಾಟಲಿಯ ಕತ್ತನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಪ್ಲಾಸ್ಟಿಕ್ ಲಟಕ್ಕೆಂದಿತು. ಹಾಸಿಗೆ ಬದಲಾಯಿಸಿದ ಕೈ. ಬಿಕ್ಕಿ ಬಿಕ್ಕಿ ಅತ್ತ ಕಣ್ಣು. ಆ ಕೈಗೂ ಆ ಕಣ್ಣಿಗೂ ಏನು ಮಾಡಬೇಕೆಂದು ಅವಳ ತಲೆಯೊಳಗೆ ಒಂದರ ಹಿಂದೊಂದು ಚಿತ್ರ ಓಡಿತು. ಒಂದೂ ಒಳ್ಳೆಯದಿರಲಿಲ್ಲ. ಎಲ್ಲವೂ ಹಿತವಾಗಿದ್ದವು.

“ಅಂದ ಹಾಗೆ ಪುಟ್ಟೀ,” ನೋಲಾ ಆಂಟಿ ಮುಂದುವರಿಸಿದರು, “ವಿನೆಗರ್ ಎಲ್ಲಿಟ್ಟಿದ್ದೀಯೇ? ಚಿಪ್ಸ್ ಮೇಲೆ ಎರಡು ಹನಿ ಹಾಕೋಣ ಅಂದ್ರೆ ಕಾಣ್ತಾನೇ ಇಲ್ಲ.”

“ಅಡುಗೆಮನೆ ಕಿಟಕಿ ಹತ್ರಾನೇ ಇದೆಯಲ್ಲ ಆಂಟಿ. ಚಿಕ್ಕ ಗಾಜಿನ ಬಾಟಲಿ.”

ಆ ಕಡೆ ಕಪಾಟಿನ ಬಾಗಿಲೊಂದು ತೆರೆದು ಮುಚ್ಚಿದ ಸದ್ದು.

“ಅದಲ್ಲ. ಟ್ಯಾಂಕ್ ಕೆಳಗೆ ಒಂದು ದೊಡ್ಡದಿತ್ತಲ್ಲ. ಕಪಾಟಿನಲ್ಲಿ.”

“ಅದು ಯಾಕೆ?”

“ಟ್ಯಾಂಕೇ ಹೋದ ಮೇಲೆ ಅದು ಯಾಕೆ ಮನೇಲಿ ಅಂತ. ಚೆಲ್ಲಿಬಿಡೋಣ ಅಂತ.”

ಕ್ಲೈವ್ ತುಟಿಯ ಮೇಲೆ ಬೆರಳಿಟ್ಟು ‘ಬೇಡ, ಹೇಳಬೇಡ’ ಎಂದು ತಲೆಯಾಡಿಸಿದ. ಡೆಲ್ಮಾ ಅವನ ಕಡೆ ನೋಡಲಿಲ್ಲ. ಮುಚ್ಚಳ ಹುಡುಕಿ, ಬಾಟಲಿಗೆ ಹಾಕಿ, ಗಟ್ಟಿಯಾಗಿ ತಿರುವಿದಳು.

“ಅದು ನನ್ನ ಹತ್ರ ಇದೆ ಆಂಟಿ,” ಎಂದಳು ಜೇನಿನಂಥ ದನಿಯಲ್ಲಿ. “ಈಗ ಹೊರಟೆ, ಐದು ನಿಮಿಷದಲ್ಲಿ ತರ್ತೀನಿ. ನಿಮ್ಮ ತಟ್ಟೆಗೆ ನಾನೇ ಬಡಿಸ್ತೀನಿ. ನೀವು ಎಲ್ಲೂ ಹೋಗ್ಬೇಡಿ.”

ಫೋನಿನ ಆ ಬದಿಯಲ್ಲಿ ಕುರ್ಚಿಯೊಂದು ಕಿರ್ರೆಂದಿತು. ಯಾರೋ ಕಷ್ಟಪಟ್ಟು ಎದ್ದು ನಿಲ್ಲುವ ಸದ್ದು. ಆಮೇಲೆ ಕೆಮ್ಮು.

ಆ ಕೆಮ್ಮು ಡೆಲ್ಮಾಗೆ ಗೊತ್ತು.

ಎಂಟು ದಿನದಿಂದ ತುಟಿ ಬಿಚ್ಚದ ಅಪ್ಪ ಸ್ಪಷ್ಟವಾಗಿ, ನಿಧಾನವಾಗಿ ಮಾತಾಡಿದ. ಮಗಳ ಜೊತೆಯಲ್ಲ.

“ಸಾಕು ಬಿಡು, ನೋಲಾ. ಆ ಬಾಟಲಿ ಯಾಕಿಟ್ಟೆ ಅಂತ ಅವಳಿಗೆ ನೀನು ಹೇಳ್ತೀಯೋ, ನಾನೇ ಹೇಳ್ಲೋ?”

ಫೋನ್ ಕಟ್ಟಾಯಿತು.